ಮಂಚದಗಲ ಬಿಟ್ಟ ಗ್ವಾಡಿ

…ಅದನ್ನ ಅಳಸು ಅಂತ ಹೇಳವಾ ಅವಂಗ, ಅನ್ವಿ. ನಮ್ಮತ್ತಿ ಇಬ್ಬರು ಮಕ್ಕಳ ನಡುವ ನೆಮ್ಮದಿಲೆ ಕಣ್ಣ ಮುಚ್ಚಿದಳು ಅಂತ ಬರದಾನ ಬಸು. ಯಾರ ಹೇಳ್ಯಾರ ಅವಂಗ? ಅಂವ, ನಿಮ್ಮ ಮೆಲ್ಬರ್ನ್ ಕಾಕಾ, ನಮ್ಮ ಭಾವನ ಮಗ, ಅಲ್ಲಿ ಟ್ರುಗನಿನಾದಾಗ ಕುಂತು ಧಾರವಾಡ ಕಡೆ ಹಳೇ ಮನಿಗಳದೆಲ್ಲಾ ಪುಸ್ತಕ ಮಾಡಾಕತ್ತಾನ. ಮಾಡ್ಲಿ, ಛಲೋ ಆತು. ನಮ್ಮನಿಗೂ ಎರಡು ಪುಟ ಕೊಟ್ಟಾನ. ಚಿಗವ್ವಾ, ನಿಮ್ಮ ನೆನಪು ರೆಕಾರ್ಡ್ ಮಾಡಿ ಕಳಸ್ರಿ ಅಂದಾನ. ಹೇಳತೀನಿ, ಫೋನ್ ಇನ್ನಷ್ಟು ಹತ್ತರ ಇಡು. ಆ ಮಿರ್ಚಿ ತಿನ್ನು, ಆರತಾವ, ನಿಮ್ಮಪ್ಪ ಹ್ಯಾರಿಸ್ ಪಾರ್ಕಿನ ನಮ್ಮ ಮಂದಿ ಅಂಗಡಿ ತನಕಾ ಹೋಗಿ ತಂದಾನ. ಹಾಂ, ಏನ ಹೇಳಾಕತ್ತಿದ್ದೆ? ಬಸುನ ಅವ್ವ, ನನ್ನ ನೆಗೆಣ್ಣಿ, ನಾ ಆಕಿಗೆ ಅಕ್ಕ ಅಂತೀನಿ. ನಿನ್ನೆ ಫೋನ್ ಮಾಡಿದ್ಲು. 'ತಂಗೀ, ಹಳೇದನ್ನ ಕೆದರಬ್ಯಾಡ. ಹುಡುಗರಿಗೆ ಯಾಕ ಬೇಕದು?' ಅಂದ್ಲು. ಊರಾಗ ಇಪ್ಪತ್ತು ವರ್ಷ ನಮ್ಮಿಬ್ಬರಿಗೆ ಮಾತಿರಲಿಲ್ಲ. ಇಬ್ಬರೂ ಮಕ್ಕಳ ಹಿಂದ ಈ ದೇಶಕ್ಕ ಬಂದ ಮ್ಯಾಲೆ ದಿನಾ ಫೋನ್. ನೀವೆಲ್ಲಾ ಕೆಲಸ ಸಾಲಿ ಅಂತ ಹೋದ್ರ ನನಗ ಮಾತಾಡಾಕ ಆಕಿ ಒಬ್ಬಾಕಿನ. ಇದನ್ನ ಹೇಳಿದ್ರ ಆಕಿ ನನ್ನ ಜೋಡಿ ಮತ್ತ ಮಾತ ಬಿಡ್ತಾಳ, ಅದೂ ನನಗ ಗೊತ್ತದ.

ಆ ಮನಿ ಅಂದ್ರ ಏನಂತೀ. ಒಳಗ ಬಂದ ಕೂಡಲೇ ಎಡಕ್ಕ ದನ ಕಟ್ಟೋದು, ಬಲಕ್ಕ ಕಟ್ಟಿ, ಅದನ್ನ ದಾಟಿದ್ರ ಪಡಸಾಲಿ. ಆರು ಕಂಬ, ಅಲ್ಲಲ್ಲ, ಎಂಟು. ಎರಡು ಆಮ್ಯಾಲೆ ಗ್ವಾಡಿಯೊಳಗ ಸೇರಿಹೋದ್ವು. ಮ್ಯಾಲೆ ಮಾಳಿಗಿಗೆ ಒಂದ ಬೆಳಕಿಂಡಿ, ಅದರಾಗಿಂದ ಬಿಸಲು ಬಿದ್ದು ನೆಲದ ಮ್ಯಾಲೆ ಸರಕೋಂತ ಹೋಗ್ತಿತ್ತು, ಅದನ್ನ ನೋಡೇ ನಾವು ರೊಟ್ಟಿ ಬಡಿಯೋ ಹೊತ್ತಾತು ಅಂತಿದ್ವಿ. ನಮ್ಮ ಓಣ್ಯಾಗ ತುಂಡ ಮಾಡಲಾರದ ಮನಿ ಒಂದೂ ಇರಲಿಲ್ಲ ನೋಡು. ಅಣ್ಣ ತಮ್ಮ ಬ್ಯಾರೆ ಆದ್ರ ಊರ ಹಿರ್ಯಾರು ಬಂದು ನೆಲದ ಮ್ಯಾಲೆ ಸುಣ್ಣದ ಗೆರಿ ಹೊಡೀತಿದ್ರು, ಆ ಗೆರಿ ಮ್ಯಾಲೆ ಗ್ವಾಡಿ ಏಳತಿತ್ತು. ಫೋಟೋದಾಗ ನಮ್ಮನಿಗೆ ಎರಡು ತಲಬಾಗಲ ಕಾಣತಾವಲ್ಲ, ಬಸು ಅದಕ್ಕ 'ಯುನಿಕ್ ಡಿಸೈನ್' ಅಂತ ಬರದಾನ. ಡಿಸೈನ್ ಅಲ್ಲಪಾ ಅದು, ಜಗಳ.

ನಿಮ್ಮಜ್ಜ, ಭಾವ ಬ್ಯಾರೆ ಆದಾಗ ನಮ್ಮತ್ತಿಗೆ ಲಕ್ವಾ ಹೊಡದು ಒಂದ ವರ್ಷ ಆಗಿತ್ತು. ಎರಡೂ ಕೈ ಏಳತಿರಲಿಲ್ಲ, ಮಾತು ಅಷ್ಟಷ್ಟು ಬರ್ತಿತ್ತು. ಪಡಸಾಲಿ ನಟ್ಟನಡುವ ಆಕಿ ಮಂಚ. ಹಿರ್ಯಾರು ಗೆರಿ ಎಳಕೋಂತ ಬಂದ್ರು, ಗೆರಿ ಮಂಚದ ಕೆಳಗ ಹೋತು. ತಲಿ ಭಾವನ ಕಡೆ, ಕಾಲು ನಮ್ಮ ಕಡೆ. ಮಂಚ ಸರಸ್ರಿ ಅಂದ್ರು ಯಾರೋ. ಯಾ ಕಡೆ ಸರಸೋದು? ಯಾ ಕಡೆ ಸರಸಿದ್ರ ಮುದುಕಿ ಅವರ ಪಾಲಿಗೆ ಬಂದಂಗ. ಇಬ್ಬರು ಮಕ್ಕಳೂ ಮಂಚ ಮುಟ್ಟಲಿಲ್ಲ. ಆವಾಗ ಅವರಾಗ ಒಬ್ಬ ಹಿರ್ಯಾ ಎಲಿ ಅಡಿಕಿ ಜಗಕೋಂತ, 'ಇದ್ದಲ್ಲೇ ಇರ್ಲಿ. ತಲಿ ಕಡೆಯಾವ್ರು ಉಣಸ್ರಿ, ಕಾಲ ಕಡೆಯಾವ್ರು ಹೇಲು ಉಚ್ಚಿ ಬಳೀರಿ' ಅಂದ. ಎಲ್ಲಾರೂ ಬರೋಬ್ಬರಿ ಆತು ಅಂದ್ರು. ಅತ್ತಿ ಅಲ್ಲೇ ಮಲಗಿ ಎಲ್ಲಾ ಕೇಳಿದ್ಲು.

ಗೌಂಡಿ ಬಂದು ಗ್ವಾಡಿ ಕಟ್ಟಿದ. ಆ ಕಡೆಯಿಂದ ಮಂಚದ ತನಕಾ, ಈ ಕಡೆಯಿಂದ ಮಂಚದ ತನಕಾ. ನಡುವ ಮಂಚದಗಲ ಬಿಟ್ಟ. ಎರಡು ವಾರಕ್ಕೊಮ್ಮೆ, ಅಲ್ಲ, ವಾರಾ ವಾರಾ ಬರ್ತಿದ್ದ ಅಂವ. ಬಾಗಲದಾಗ ನಿಂತು, 'ಇನ್ನೂ ಅದಾಳೇನ್ರೀ?' ಅಂತ ಕೇಳಿ ಹೋಗ್ತಿದ್ದ. ಬೈದವರು ಯಾರೂ ಇಲ್ಲ. ನಾನೂ ಬೈಲಿಲ್ಲ.

ಹಿಂಗಿರಬೇಕಾದ್ರ ಅಕ್ಕನ ತವರಮನ್ಯಾಗ ಮದುವಿ ಬಂತು. ಆ ಕಡೆ ಮನಿಮಂದಿಯೆಲ್ಲಾ ಹೊಂಟ್ರು, ಎರಡು ದಿನಕ್ಕ. ಹೋಗಬೇಕಾದ್ರ ಅಕ್ಕ ಅತ್ತಿ ತಲಿದಿಂಬಿನ ಹತ್ತರ ಒಂದ ತಂಬಿಗಿ ನೀರು, ಒಂದ ಬಟ್ಟಲ ಅಂಬಲಿ ಇಟ್ಟು ಹೋದ್ಲು. ಕೈ ಏಳಲಾರದಾಕಿ ಹತ್ತರ ತಂಬಿಗಿ. ನನಗೂ ಏನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ. ನಿಮ್ಮಜ್ಜ ಹೊಲಕ್ಕ ಹೋಗೋ ಮುಂದ, 'ಇವತ್ತ ನೀ ಬಾಯಿಗೆ ಹಾಕಿದ್ರ ನಾಳಿಯಿಂದ ತಲಿನೂ ನಮ್ಮ ಕಡೆನ ಬರ್ತದ, ನೆನಪಿಟ್ಕೊ' ಅಂದ. ಮುಂಜಾನಿಯಿಂದ ಅತ್ತಿ ಸುರು ಮಾಡಿದ್ಲು. 'ಯವ್ವಾ, ನೀರ.' ನಾ ಈ ಕಡೆ ಕಾಲ ಹತ್ತರ ಅರಿವಿ ಬದಲ ಮಾಡಾಕತ್ತಿದ್ದೆ. 'ತಡೀರಿ, ಅಕ್ಕ ಬರ್ತಾಳ' ಅಂದೆ. ಮಧ್ಯಾಹ್ನ ಮತ್ತ 'ನೀರ.' ತಡೀರಿ ಅಂದೆ. ಬಿಸಲು ಕಂಬದ ತನಕಾ ಹೋತು. ಮರುದಿನ ನಾಲಿಗಿ ಹೊರಗ ಬಂದಿತ್ತು, ದನಿ ಇರಲಿಲ್ಲ, ತಂಬಿಗಿ ಕಡೆ ಕಣ್ಣ ಹೊಳ್ಳಿಸಿ ನನ್ನ ಕಡೆ ನೋಡ್ತಿದ್ಲು. ರೊಟ್ಟಿ ಬಡಿಯೋ ಹೊತ್ತಿಗೆ ನಾ ಅರಿವಿ ಹಿಂಡಿ ಬಂದು ನೋಡ್ತೀನಿ, ಹೋಗಿಬಿಟ್ಟಿದ್ಲು.

ಏನಂದಿ? 'ವೈ ಡಿಡಂಟ್ ಯು ಜಸ್ಟ್ ಗಿವ್ ಹರ್ ದ ವಾಟರ್' ಅಂತೀ. ಇದನ್ನ ಇಷ್ಟು ವರ್ಷ ಯಾರೂ ಕೇಳಿಲ್ಲ ನೋಡು ನನ್ನ. ನಿಮ್ಮಜ್ಜ ಬ್ಯಾಡ ಅಂದಿದ್ದ ಅಂತ ಹೇಳಬಹುದು, ಅಂವ ಈಗ ಇಲ್ಲ, ಎದುರ ಮಾತಾಡೂದಿಲ್ಲ. ಆದ್ರ ಅಂವ ಹೊಲದಾಗಿದ್ದ. ಹಗಲೆಲ್ಲಾ ಮನ್ಯಾಗ ನಾನು, ಅತ್ತಿ ಇಬ್ಬರ. ಒಂದ ಹೆಜ್ಜಿ ಇತ್ತು. ನನಗ ಸಿಟ್ಟಿತ್ತವಾ. ಉಣಿಸಿ ಒಳ್ಳೇಕಿ ಅನಿಸಿಕೊಳ್ಳಾಕ ಅಕ್ಕ, ಬಳಿಯಾಕ ನಾನು. ಆಕಿ ನೀರು ಕುಡದಷ್ಟೂ ನನ್ನ ಕಡೆ ಅರಿವಿ ತೋಯ್ತಾವ ಅನಿಸಿತು. ಅಷ್ಟ. ಅಷ್ಟಕ್ಕ ಕೊಡಲಿಲ್ಲ. ಇದನ್ನ ನಿಮ್ಮಪ್ಪನ ಮುಂದೂ ಹೇಳಿಲ್ಲ ನಾನು.

ಅಕ್ಕ ಬಂದ್ಲು, ಹಾಡ್ಯಾಡಿಕೊಂಡು ಅತ್ಲು, ನಾನೂ ಅತ್ತೆ. ಮಣ್ಣ ಮಾಡಿ ಬಂದ್ವಿ. ಮೂರನೇ ದಿನ ಗೌಂಡಿ ಬಂದ, ಕರೀಲಾರದ ಬಂದ. ಮಂಚ ತಗದು ಹಿತ್ತಲಕ್ಕ ಒಗದ್ರು, ನಡುವಿನ ಜಾಗಕ್ಕ ಮಣ್ಣ ಕಲಸಾಕತ್ತಿದ. ಅಕ್ಕ ತಲಿದಿಕ್ಕಿನ ತಂಬಿಗಿ ಎತ್ತಿದ್ಲು. ತುಂಬಿದ್ದು ತುಂಬಿದಂಗ ಇತ್ತು. ನನ್ನ ಮಾರಿ ನೋಡಿದ್ಲು, ನಾ ಆಕಿ ಮಾರಿ ನೋಡಿದೆ. ಇಬ್ಬರಿಗೂ ಎಲ್ಲಾ ಗೊತ್ತಾತು. ಆ ನೀರನ್ನ ಗೌಂಡಿ ಕಲಸೋ ಮಣ್ಣಿಗೆ ಸುರವಿದ್ಲು. ಸಂಜೀಗೆ ಗ್ವಾಡಿ ಕೂಡಿತು. ಬಸು ಫೋಟೋ ಹೊಡದು ಹಾಕ್ಯಾನಲ್ಲ, ಅದ ಗ್ವಾಡಿ.

ಕಳಸು. ಒಂದ ಮಾತೂ ತಗೀಬ್ಯಾಡ. ಅಕ್ಕ ಮಾತ ಬಿಟ್ರ ಬಿಡ್ಲಿ, ನಾ ಅತ್ರ ಅಳತೀನಿ, ಇರ್ಲಿ ಬಿಡು. ಮತ್ತ ಇಲ್ಲೆ ಕೇಳು, ನಿಮ್ಮ ಮನ್ಯಾಗ ಯಾರರ ಹಾಸಿಗಿ ಹಿಡದ್ರ, ನಾನ ಹಿಡದ್ರೂ, ಇವತ್ತ ಯಾರ ಪಾಳಿ ಅಂತ ಕೇಳಕೋಂತ ನಿಂದರಬ್ಯಾಡ್ರಿ. ಮದಲ ಬಾಯಿಗೆ ನೀರ ಹಾಕ್ರಿ, ಆಮ್ಯಾಲೆ ಎಷ್ಟರ ಜಗಳಾಡ್ರಿ.