ಸಮುದ್ರಕ್ಕೆ ಬೆನ್ನು ಹಾಕಿದ ಮನೆ

ಇದು ನನ್ನ ದೊಡ್ಡಪ್ಪನ ಮಗಳಿಗೆ ಆದದ್ದು. ನಾನು ದೆವ್ವ ನಂಬುವವನಲ್ಲ. ನಂಬುವವರ ಜೊತೆ ವಾದಕ್ಕಿಳಿದು ಎಷ್ಟೋ ಊಟ ಕೆಡಿಸಿಕೊಂಡವನು. ಆದರೂ ಹೇಳುತ್ತೇನೆ.

ಆ ರಾತ್ರಿ ಅಕ್ಕ ತಾನು ಚಿತ್ರ ಬರೆಯುವ ಸ್ಟುಡಿಯೋಗೆ ಬೀಗ ಹಾಕಿ ಮನೆಗೆ ನಡೆದು ಬರುತ್ತಿದ್ದಳು. ದಾರಿಯಲ್ಲಿ ಹಳೇ ಬಾವಿ. ಬೀದಿದೀಪಗಳು ಅದಕ್ಕಿಂತ ಮೊದಲೇ ಮುಗಿಯುತ್ತವೆ. ಗಾಳಿಯಿಲ್ಲ. ಅವಳ ಚಪ್ಪಲಿಯ ಚಟ್ ಚಟ್ ಒಂದೇ ಸದ್ದು. ತಲೆ ಮಾತ್ರ ಕಾದಿತ್ತು...

ಕಾಯಿಸಿದವರು ದೊಡ್ಡಪ್ಪ. ನಮ್ಮ ಹಿರೀಕರು ಕಡಲ ದಂಡೆಯಲ್ಲಿ ದೋಣಿ ಕಟ್ಟುತ್ತಿದ್ದವರು. ದೊಡ್ಡಪ್ಪ ಚಿಕ್ಕವರಿದ್ದಾಗಲೇ ಮನೆ, ದಂಡೆ ಎರಡನ್ನೂ ಸಮುದ್ರ ನುಂಗಿತು. ಒಂದು ಫೋಟೋ ಕೂಡ ಉಳಿಯಲಿಲ್ಲ. ಈಗ ಅವರ ಕಣ್ಣು ಹೋಗುತ್ತಿತ್ತು. ಇನ್ನು ಸ್ವಲ್ಪ ದಿನ, ಅಷ್ಟೇ ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಆ ಮನೆಯ ಚಿತ್ರ ಬರೆದು ಅಪ್ಪನಿಗೆ ಒಮ್ಮೆ ತೋರಿಸಬೇಕೆಂದು ಅಕ್ಕನ ಹಟ.

ದೋಣಿಯಲ್ಲಿ ಕೂತು ದಂಡೆಯನ್ನು ನೋಡಿದ ಹಾಗೆ ಚಿತ್ರ. ಬಂಡೆ ಬಂತು, ಅರ್ಧ ಕಟ್ಟಿದ ದೋಣಿಗಳು ಬಂದವು. ದೊಡ್ಡಪ್ಪ ಎಲ್ಲಕ್ಕೂ ತಲೆಯಾಡಿಸಿದರು. ಮನೆಗೆ ಮಾತ್ರ ಇಲ್ಲ.

"ಇದಲ್ಲ."

"ಮತ್ತೆ ಹೇಗಿತ್ತಪ್ಪಾ?"

"ಗೊತ್ತಿದ್ರೆ ನಾನೇ ಬರೀತಿದ್ದೆ."

ಅಕ್ಕ ಬಣ್ಣ ಕೆರೆದು ತೆಗೆಯುವಳು. ಕರ್... ಕರ್... ಮತ್ತೆ ಬರೆಯುವಳು. ಸೂರು ತಗ್ಗಿಸಿದಳು, ಬಾಗಿಲು ಅಗಲ ಮಾಡಿದಳು. "ಇದಲ್ಲ." ಆ ಸಂಜೆ ಅವಳೂ ರೇಗಿದ್ದಳು. "ಕಣ್ಣು ಕಾಣದೆ ಹಾಗಂತೀರ!" ದೊಡ್ಡಪ್ಪ ಕನ್ನಡಕ ತೆಗೆದು ಮಡಿಚಿಟ್ಟರು. ತಿರುಗಿ ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಬಾವಿ ಹತ್ತಿರ ಬಂತು.

ಕಿರ್ರ್... ರಾಟೆಯ ಸದ್ದು. ಅವಳು ನಿಂತಳು. ಸದ್ದೂ ನಿಂತಿತು. ಆಮೇಲೆ ಕೊಡ ನೀರಿಗೆ ಬಿತ್ತು. ಗುಳುಂ...

ಕಟ್ಟೆಯ ಆಚೆ ಯಾರೋ ಮುದುಕಿ. ಹಗ್ಗ ಜಗ್ಗುತ್ತಿದ್ದಳು. ಮುಖ ಆ ಕಡೆ.

"ಇಷ್ಟೊತ್ನಲ್ಲಿ ನೀರಾ, ಅಜ್ಜಿ?"

ಕಿರ್ರ್... ಕಿರ್ರ್... ಆಮೇಲೆ ಪಿಸುದನಿ.

"ಸಮುದ್ರದ ಕಡೆಗೆ ಯಾರಾದ್ರೂ ಬಾಗಿಲಿಡ್ತಾರೇನೇ, ಹುಚ್ಚಿ?"

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು.

"ಬೆನ್ನು ಹಾಕ್ಬೇಕು. ಉಪ್ಪುಗಾಳಿ ಒಳಗೆ ನುಗ್ಗಿದ್ರೆ ಮಕ್ಕಳು ಮಲಗೋದೆಲ್ಲಿ?"

ಅಕ್ಕ ಮನೆಗೆ ಬರಲಿಲ್ಲ. ಸ್ಟುಡಿಯೋಗೆ ವಾಪಸ್ ಓಡಿದಳು.

ಬೆಳಿಗ್ಗೆ ಅವಳು ಹೇಳಿದ್ದು ಕೇಳಿ ನಾನು ಹೋಗಿ ಬಾವಿ ನೋಡಿದೆ. ರಾಟೆ ಇಲ್ಲ, ರಾಟೆ ಕಟ್ಟುವ ಕಂಬವೂ ಇಲ್ಲ. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ, ತುಕ್ಕು ಹಿಡಿದು ಕಟ್ಟೆಗೇ ಅಂಟಿಕೊಂಡಿದೆ.

"ನಿದ್ದೆಗೆಟ್ಟ ತಲೆ ತಾನೇ ಉತ್ತರ ಹುಡುಕ್ಕೊಂಡಿದೆ," ಎಂದೆ.

"ಇರ್ಲಿ ಬಿಡೋ. ನಿನ್ನ ತಲೆ ನಿದ್ದೆ ಮಾಡಿಯೂ ಏನೂ ಹುಡುಕಿಲ್ಲ."

ಚಿತ್ರವನ್ನು ದೊಡ್ಡಪ್ಪನ ಮುಂದೆ ಹಿಡಿದೆವು. ಬಾಗಿಲು ಮಾಯವಾಗಿತ್ತು. ಸಮುದ್ರದ ಕಡೆಗೆ ಬರೀ ಹಿಂಗೋಡೆ, ಅದರಲ್ಲೊಂದು ಸಣ್ಣ ಕಿಟಕಿ. ಅವರು ಮೂಗು ತಾಗುವಷ್ಟು ಬಗ್ಗಿದರು. ತುಂಬ ಹೊತ್ತು...

"ಇದೇ ಕಣೇ."

ಕಣ್ಣೊರೆಸಿಕೊಳ್ಳುತ್ತಲೇ ಬೈದರು. "ಇಷ್ಟು ದಿನ ಯಾಕೆ ಸತಾಯಿಸ್ದೆ?"

ಈಗ ಅವರಿಗೆ ಏನೂ ಕಾಣುವುದಿಲ್ಲ. ಆದರೂ ಸಂಜೆಯಾದರೆ ಚಿತ್ರದ ಮುಂದೆ ಕುರ್ಚಿ ಹಾಕಿಸಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ, "ಹಾಂ... ದೀಪ ಹಚ್ಚಿದ್ರು," ಎನ್ನುತ್ತಾರೆ. ಆ ಕಿಟಕಿಗೆ ಅಕ್ಕ ಬಳಿದಿರುವುದು ಕಪ್ಪು ಬಣ್ಣ.

ಅವರು ಏನು ಬೇಕಾದರೂ ಅನ್ನಲಿ, ವಯಸ್ಸಾಗಿದೆ. ಆದರೆ ಆ ಹೊತ್ತಿಗೆ ಚಿತ್ರದಲ್ಲಿ ಕಿಟಕಿ ಇರುವಷ್ಟು ಜಾಗ, ಬೆರಳಗಲ, ಬೆಚ್ಚಗಾಗುತ್ತದೆ. ಚಿತ್ರ ತೂಗುಹಾಕಿದ ಗೋಡೆಯ ಆಚೆ ಒಲೆಯಿಲ್ಲ, ಒಳಗೆ ವೈರಿಲ್ಲ. ನೋಡಿದ್ದೇನೆ. ಚಿತ್ರವನ್ನು ಇಳಿಸಿ ವರಾಂಡದ ತಣ್ಣನೆ ನೆಲದ ಮೇಲಿಟ್ಟೂ ಮುಟ್ಟಿದ್ದೇನೆ.

ಬೆಚ್ಚಗೇ ಇತ್ತು. ಸುಳ್ಳಲ್ಲ.