ತೋರುಬೆರಳಿನ ಕೆಲಸ

ರಕ್ತ ಪರೀಕ್ಷೆಗೆ ಕಾಯುತ್ತಿದ್ದೆವು. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ, ಅವರಿಗೆ ಒರಗಿಕೊಂಡು ಏಳೆಂಟು ವರ್ಷದ ಮೊಮ್ಮಗಳು. ಎದುರು ಕೂತಿದ್ದ ಹೆಂಗಸು ಮಾತಿಗೆಳೆದರು.

“ಏನಮ್ಮಾ ಪುಟ್ಟಿ, ಉಗುರಲ್ಲೆಲ್ಲ ಮಣ್ಣು?”

“ಸ್ಕೂಲಲ್ಲಿ ಮಕ್ಕಳಿಗೆಲ್ಲ ಒಂದೊಂದು ಟೊಮೇಟೊ ಗಿಡ ಕೊಟ್ಟಿದಾರೆ ಕಣ್ರೀ,” ಅಂದರು ಅಜ್ಜಿ. “ಹೂ ಬಿಟ್ಟಿರೋದು ಇವಳದೊಂದೇ.”

“ಚೆನ್ನಾಗಿ ನೀರು ಹಾಕಿರ್ತಾಳೆ.”

“ಹಾಗೆ ಹಾಕಿದೋರ ಗಿಡಗಳೇ ಕೊಳೀತಿರೋದು. ಮೂರು ಹೊತ್ತೂ ಸುರಿದ್ರೆ ಇನ್ನೇನಾಗುತ್ತೆ? ಇವಳು ದಿನಾ ಬೆರಳು ಮಣ್ಣಲ್ಲಿ ಊರಿ ನೋಡ್ತಾಳೆ. ತೇವ ಇದ್ರೆ ಸುಮ್ನೆ ಎದ್ದು ಬರ್ತಾಳೆ.”

“ಯಾರು ಹೇಳ್ಕೊಟ್ಟಿದ್ದು?”

“ಟೀಚರ್ ಎಲ್ಲರಿಗೂ ಹೇಳಿದ್ರಂತೆ, ಕಿವಿಗೆ ಹಾಕ್ಕೊಂಡೋಳು ಇವಳೊಬ್ಬಳೇ. ಮಿಕ್ಕೋರು ಸೋಮಾರಿ ಅಂತ ಆಡ್ಕೊಂಡ್ರು. ಈಗ ಅವರೇ ಬಂದು, ನಮ್ಮ ಗಿಡಾನೂ ನೋಡೇ ಅಂತಾರೆ.”

“ನಮ್ಮನೆಗೂ ಬಾರಮ್ಮ. ನನ್ನ ಸೊಸೆ ಕೈಗೆ ಸಿಕ್ಕ ಗಿಡ ಒಂದೂ ಉಳಿದಿಲ್ಲ.”

ಅಷ್ಟರಲ್ಲಿ ನರ್ಸ್ ಕರೆದರು. ಹುಡುಗಿ ಹೋಗಿ ಕುರ್ಚಿ ಮೇಲೆ ಕೂತು ಎಡಗೈ ಚಾಚಿದಳು.

“ಬೆರಳಿಗೆ ಒಂದೇ ಒಂದು ಚುಚ್ಚು ಪುಟ್ಟಾ. ಬಲಗೈ ಕೊಡು, ನನಗೆ ಹತ್ತಿರ.”

ಹುಡುಗಿ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

“ಅದು ಬೇಡ ಆಂಟಿ. ಅದಕ್ಕೆ ನಾಳೆ ಹತ್ತೊಂಬತ್ತು ಗಿಡ ನೋಡೋದಿದೆ.”