ಬಾಗಿಲಲ್ಲಿ ನಿಂತು ನೋಡಿದ ಧಾರಾವಾಹಿ

ಮಾನ್ಯ ಅಧ್ಯಕ್ಷೆ ಗಂಗಾಂಬಿಕಾ ಅವರೇ, ಇಂದಿನ ಸನ್ಮಾನಿತೆ, ಕುರೆಕುಪ್ಪದ ಮಗಳು, ಕಿರುತೆರೆ ಕಲಾವಿದೆ ಸುಮಲತಾ ಅವರೇ, ಕಂಪ್ಲಿ ಮಹಿಳಾ ಸಂಘದ ತಾಯಂದಿರೇ, ಹೆಂಡಂದಿರ ಹಿಂದೆ ಬಂದು ಹಿಂದಿನ ಸಾಲಿನಲ್ಲೇ ಕುಳಿತಿರುವ ಗಂಡಸರೇ, ಸಭಿಕರೇ,

ಅಕ್ಕಿ ಗಿರಣಿಯ ತೋಟಪ್ಪನಿಗೂ ಧಾರಾವಾಹಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಅಧ್ಯಕ್ಷರನ್ನು ಅದನ್ನೇ ಕೇಳಿದೆ. "ನೀವು ಅಳೋದು ಊರಿಗೆಲ್ಲ ಗೊತ್ತೈತ್ರಿ, ಬರ್ರಿ" ಎಂದರು. ಮಾತು ನಿಜ. ಎಮ್ಮಿಗನೂರಿನಿಂದ ಭತ್ತ ತಂದವರು ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರೂ ಸಂಜೆ ಏಳೂವರೆಗೆ ನಾನು ಗಿರಣಿಯಲ್ಲಿ ಇರುವುದಿಲ್ಲ. "ಸಾವ್ಕಾರ್ರು ಅಳಾಕ ಹೋಗ್ಯಾರ, ಈಗ ಬರ್ತಾರ" ಎಂದು ನಮ್ಮ ಹಮಾಲ ಗಾಳೆಪ್ಪ ಅವರನ್ನು ಸಮಾಧಾನ ಮಾಡುತ್ತಾನೆ.

ಕೌಟುಂಬಿಕ ಧಾರಾವಾಹಿಗಳು ನಮ್ಮ ಮನಸ್ಸನ್ನು ಏಕೆ ಕಲಕುತ್ತವೆ? ಇದು ನನಗೆ ಕೊಟ್ಟ ವಿಷಯ. ಅಲ್ಲಿ ಸೊಸೆ ಮೈತುಂಬ ಒಡವೆ ಹಾಕಿಕೊಂಡೇ ಮಲಗುತ್ತಾಳೆ. ಒಂದು ಲೋಟ ಕಾಫಿ ಕುಡಿದು ಮುಗಿಸಲು ಒಂದು ವಾರ ಹಿಡಿಯುತ್ತದೆ. ಅದನ್ನು ನೋಡಿ ನಗುತ್ತೇವೆ, ಮರುಗಳಿಗೆಗೆ ಅಳುತ್ತೇವೆ. ಏಕೆ? ಅದು ನಮ್ಮ ಮನೆಯ ಕಥೆಯೇ ಆಗಿರುವುದರಿಂದ ಎಂದು ಹೇಳಿ ಕುಳಿತುಬಿಡಬೇಕೆಂದು ಬಂದವನು ನಾನು.

ಆದರೆ ಸುಮಲತಾ ಅವರು ಎದುರಿಗೇ ಕುಳಿತಿದ್ದಾರೆ. ಇವರ ಪಾತ್ರ ನಿಮಗೆಲ್ಲ ಗೊತ್ತು. ಗಂಡ ತೀರಿದ ಮೇಲೆ ಅಣ್ಣನ ಮನೆ ಸೇರಿದ ತಂಗಿ. ಒಂದು ದಿನ ಮನೆಗೆ ನೆಂಟರು ಬರುತ್ತಾರೆ, ಎಲ್ಲರೂ ಕೂರುತ್ತಾರೆ, ಇವರು ನಿಂತೇ ಇರುತ್ತಾರೆ. ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಹಾಕುತ್ತಾರೆ, ಅಷ್ಟೇ. ನನಗೆ ತಡೆಯಲಾಗಲಿಲ್ಲ. "ಲೇ, ಒಡಹುಟ್ಟಿದಾಕಿಗೆ ಕುಂದ್ರು ಅನ್ನಾಕ ಬಾಯಿಲ್ಲೇನು ನಿನಗ?" ಎಂದು ಟಿವಿಯೊಳಗಿನ ಅಣ್ಣನಿಗೆ ಕೂಗಿದೆ. ನೀರು ಕೇಳಿದೆ. ಹಿಂದಿನಿಂದ ಒಂದು ಕೈ ನೀರಿನ ತಂಬಿಗೆ ಚಾಚಿತು.

ಅದು ನನ್ನ ತಂಗಿ ಅಕ್ಕನಾಗಮ್ಮನ ಕೈ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದ ದಿನದಿಂದ ಅವಳು ಟಿವಿ ನೋಡುವುದು ಅಲ್ಲಿಂದಲೇ. ಅವಳಿಗೆ ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಕುಂದ್ರು ಎಂದೂ ಯಾರೂ ಹೇಳಿರಲಿಲ್ಲ. ನನ್ನ ಹೆಂಡತಿ ರಿಮೋಟ್ ತೆಗೆದುಕೊಂಡು ಸೌಂಡ್ ಜಾಸ್ತಿ ಮಾಡಿದಳು. ಅವಳು ಎರಡನೇ ಸಾಲಿನಿಂದ ಈಗ ನನಗೆ ಕಣ್ಸನ್ನೆ ಮಾಡುತ್ತಿದ್ದಾಳೆ. ಇರಲಿ.

ಮರುದಿನ ಧಾರಾವಾಹಿ ನಡುವೆಯೇ, "ನಾಗಮ್ಮ, ಬಾ, ಇಲ್ಲಿ ಕುಂದ್ರು" ಎಂದು ಸೋಫಾ ತಟ್ಟಿದೆ. ದೊಡ್ಡ ಕೆಲಸ ಮಾಡಿದೆನೆಂಬ ಗತ್ತು ಬೇರೆ. ಅವಳಿಗೆ ಸಿಟ್ಟೇನೂ ಬರಲಿಲ್ಲ.

"ಬ್ಯಾಡಣ್ಣ. ಈಗ ಟಿವಿ ನೋಡಿ ಹೇಳಾಕತ್ತಿ. ಈ ಧಾರಾವಾಹಿ ಪೂರಾ ಮುಗಿದ ಮ್ಯಾಲ ಹೇಳು, ಕುಂದಿರ್ತೀನಿ" ಎಂದಳು.

ಸಭಿಕರೇ, ಹೋದ ಶುಕ್ರವಾರ ಧಾರಾವಾಹಿ ಮುಗಿಯಿತು. ತೆರೆಯ ಮೇಲಿನ ಅಣ್ಣ ತಂಗಿಯ ಕೈ ಹಿಡಿದು ಅತ್ತ. ನಾನೂ ಅತ್ತೆ. ಮನೆಯವರೆಲ್ಲ ಎದ್ದು ಹೋದರು. ಟಿವಿ ಆರಿಸಿದೆ. ಸೋಫಾದಲ್ಲಿ ನಾನೊಬ್ಬ, ಬಾಗಿಲಲ್ಲಿ ಅವಳು. ಅವಳು ಒಳಗೆ ಹೋಗದೆ ಕಾಯುತ್ತಿದ್ದಾಳೆ ಎಂಬುದು ನನಗೆ ಗೊತ್ತಾಗುತ್ತಿತ್ತು. ಬಾಯಿ ತೆರೆದೆ. "ಅಡಿಗಿ ಏನು ಮಾಡೀದಿ?" ಎಂದುಬಿಟ್ಟೆ.

ಅವಳು ನನ್ನ ಮುಖ ನೋಡಿದಳು. "ರೊಟ್ಟಿ, ಪುಂಡಿಪಲ್ಯ" ಎಂದು ಒಳಗೆ ಹೋದಳು. ಅಂದಿನಿಂದ ಅವಳು ಬಾಗಿಲಿಗೂ ಬರುತ್ತಿಲ್ಲ.

ಗಿರಣಿಗೆ ಬಂದವರಿಗೆಲ್ಲ ದಿನವಿಡೀ ಕುಂದ್ರಿ, ಕುಂದ್ರಿ ಎನ್ನುವ ನಾಲಿಗೆಗೆ ಆಗ ಏನಾಗಿತ್ತು? ನನಗೆ ನಾಚಿಕೆಯಾಗುತ್ತದೆ. ಅಳುವುದಕ್ಕೆ ನಾಚದವನು ಆ ಒಂದು ಮಾತಿಗೆ ನಾಚಿದೆನಲ್ಲ ಎಂದು ನಾಚಿಕೆಯಾಗುತ್ತದೆ. ವಿಷಯಕ್ಕೆ ನನ್ನ ಉತ್ತರ ಇಷ್ಟೇ. ತೆರೆಯ ಮೇಲಿನ ತಂಗಿಗಾಗಿ ಅಳುವುದು ಸುಲಭ, ಏಕೆಂದರೆ ಆಕೆ ತಿರುಗಿ ನಮ್ಮ ಮುಖ ನೋಡುವುದಿಲ್ಲ. ಸುಮಲತಾ ಅವರೇ, ನಿಮ್ಮ ಅಭಿನಯ ಭಾಳ ಚೆನ್ನಾಗಿತ್ತು ತಾಯಿ. ನನ್ನಂಥವನಿಗೆ ಅದು ಹೆಚ್ಚಾಯಿತು.

ದಯವಿಟ್ಟು ಚಪ್ಪಾಳೆ ಬೇಡ. ಇವತ್ತು ನನ್ನ ಮನೆಯವರೆಲ್ಲ ಇಲ್ಲಿಗೆ ಬಂದಿದ್ದಾರೆ, ಅವಳೊಬ್ಬಳ ಹೊರತು. ಕಾರಿನಲ್ಲಿ ಜಾಗ ಇತ್ತು. ನಾನು ಕರೆಯಲಿಲ್ಲ.

ಇಷ್ಟು ಹೊತ್ತು ಕೇಳಿದ ನಿಮಗೆ, ಕರೆದು ಮಾತಾಡಿಸಿದ ಸಂಘಕ್ಕೆ ನನ್ನ ಧನ್ಯವಾದಗಳು. ಊಟಕ್ಕೆ ನಿಲ್ಲುವುದಿಲ್ಲ, ಮನೆಗೆ ಹೋಗಬೇಕು, ಕ್ಷಮಿಸಿ. ನಮಸ್ಕಾರ.